ಗಿರಕಿ ಕೊಟ್ಟು ರೋಟೇಟು ಕೊಂಡ ದೊರೆ

ಒಂದಾನೊಂದು ಊರಿನಲ್ಲಿ ಒಬ್ಬ ದೊರೆ ಇದ್ದ. ಊರಿನ ಹೆಸರು ಒಂಟೂರು, ದೊರೆಯ ಹೆಸರು ಒಂಟಪ್ಪರಾಯ. ಹೂಂ ಅನ್ನಿ. ನೀವು ಹೂಂ ಅನ್ನದಿದ್ದರೆ ದೊರೆ ಅಲ್ಲೇ ನಿಂತುಬಿಡುತ್ತಾನೆ, ಕತೆ ಮುಂದಕ್ಕೆ ಹೋಗುವುದಿಲ್ಲ.

ಈ ದೊರೆಗೆ ಒಂದು ಚಾಳಿ. ಒಂದು ಸಾಕಾಗುವ ಕಡೆ ಎರಡು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೀಸೆ ಎರಡೂ ಕಡೆ ಯಾಕೆ ಎಂದು ಒಂದು ಕಡೆಯದನ್ನು ಬೋಳಿಸಿಕೊಂಡಿದ್ದ. ಮೂಗಿನ ಒಂದು ಹೊಳ್ಳೆಗೆ ಅರಳೆ ತುರುಕಿಕೊಂಡಿದ್ದ. ಮಂತ್ರಿಗೆ ಕೊಟ್ಟದ್ದು ಒಂದೇ ಚಪ್ಪಲಿ, ಪಾಪ, ಅವನು ಆಸ್ಥಾನಕ್ಕೆ ಕುಂಟಿಕೊಂಡೇ ಬರುತ್ತಿದ್ದ.

ದೊರೆಗೆ ಮಗಳೂ ಒಬ್ಬಳೇ, ಹೂವಿ ಅಂತ. ದಿನಾ ಸಂಜೆ ಅರಮನೆಯ ಅಂಗಳದಲ್ಲಿ ಅವಳ ಎರಡೂ ಕೈ ಹಿಡಿದು ದೊರೆ ಗಿರಕಿ ಹೊಡೆಸುತ್ತಿದ್ದ. ಅವಳ ಕಾಲು ನೆಲ ಬಿಡುತ್ತಿತ್ತು. ಲಂಗ ಕೊಡೆಯ ಹಾಗೆ ಅರಳುತ್ತಿತ್ತು. ಅವಳು ನಕ್ಕರೆ ಅಡುಗೆಮನೆಯ ಪಾತ್ರೆಗಳೂ ನಗುತ್ತಿದ್ದವು. ಆ ಎರಡು ಕೈಗಳಲ್ಲಿ ಒಂದು ಹೆಚ್ಚಾಯಿತು ಎಂದು ಮಾತ್ರ ದೊರೆಗೆ ಯಾವತ್ತೂ ಅನ್ನಿಸಿರಲಿಲ್ಲ.

ಒಂಟೂರಿನಲ್ಲಿ ಒಂದು ಪದ್ಧತಿ ಇತ್ತು. ಅಲ್ಲಿ ಪದಗಳು ಕೆಲಸಕ್ಕೆ ಬರುತ್ತಿದ್ದವು. ಪದ ಬಂದು ಮುಟ್ಟದೆ ಯಾವುದೂ ಅಲ್ಲಾಡುತ್ತಿರಲಿಲ್ಲ. ಬಂಡಿಯ ಗಾಲಿಗೆ ಉರುಳು ಬರಬೇಕು. ಜೋಳದ ಕಲ್ಲಿಗೆ ಬೀಸು ಬರಬೇಕು. ಗಾಣದ ಎತ್ತಿಗೆ ಸುತ್ತು ಬರಬೇಕು. ಮಕ್ಕಳಿಗೆ ಗಿರಕಿ. ಗಿರಕಿ ಎಲ್ಲರಿಗಿಂತ ಚಿಕ್ಕದು, ಒಂದು ಕಡೆ ಕೂತ ಜಾತಿಯಲ್ಲ. ಮಧ್ಯಾಹ್ನ ಎಲ್ಲವೂ ಅರಮನೆಗೆ ಬಂದು ಸಾಲಾಗಿ ಕೂತು ರೊಟ್ಟಿ ತಿಂದು ಹೋಗುತ್ತಿದ್ದವು.

ಒಂದು ದಿನ ಈ ಪಂಕ್ತಿ ದೊರೆಯ ಕಣ್ಣಿಗೆ ಬಿತ್ತು.

"ಇವರೆಲ್ಲ ಮಾಡೋ ಕೆಲಸ ಏನು?"

"ದುಂಡಗೆ ಹೋಗೋದು, ಮಹಾಪ್ರಭು" ಎಂದ ಮಂತ್ರಿ.

"ಎಲ್ಲರೂ ದುಂಡಗೇ?"

"ಎಲ್ಲರೂ ದುಂಡಗೇ."

"ಹಾಗಾದರೆ ಇಷ್ಟು ಜನ ಯಾಕೆ?"

ಮಂತ್ರಿ ತನ್ನ ಒಂಟಿ ಚಪ್ಪಲಿ ನೋಡಿಕೊಂಡ.

ಆಗಲೇ ಬೀದಿಯಲ್ಲಿ ಕೂಗು ಕೇಳಿಸಿತು. "ಹಳೇ ಪದಕ್ಕ ಹೊಸಾ ಪದಾ!" ನಿಂಬೆವ್ವ ಬುಟ್ಟಿ ಹೊತ್ತು ಬಂದಿದ್ದಳು. ಹಳೇ ಸೀರೆ ತೆಗೆದುಕೊಂಡು ಹೊಸ ಪಾತ್ರೆ ಕೊಡುವವರನ್ನು ನೀವೂ ಕಂಡಿದ್ದೀರಿ. ಇವಳದು ಪದಗಳ ವ್ಯಾಪಾರ.

ನಿಂಬೆವ್ವ ಬುಟ್ಟಿಯಿಂದ ಫಳಫಳ ಹೊಳೆಯುವ ಪದವೊಂದನ್ನು ತೆಗೆದು ಬೆರಳಿನಿಂದ ಬಡಿದಳು. ಟಣ್ ಎಂದಿತು.

"ಸಮುದ್ರದ ಆಚಿಂದ ಬಂದದ ದೊರೀ. ಇಂಗ್ಲಿಷ್ ಮಾಲು. ರೋಟೇಟು ಅಂತ ಹೆಸರು. ಗಾಲಿ ಇರಲಿ, ಗಾಣ ಇರಲಿ, ಇದೊಂದಾ ಸಾಕು. ರೊಟ್ಟಿನೂ ತಿನ್ನಂಗಿಲ್ಲ."

"ಬದಲಿಗೆ ಏನು ಕೊಡಬೇಕು?"

"ಹಳೇವು ಕೊಡ್ರಿ. ಹರದಿದ್ರೂ ನಡೀತದ."

"ಮೇಲೊಂದು ಚಮಚ ಹಾಕು" ಎಂದ ದೊರೆ. ದೊರೆಯಾದರೇನು, ಚಮಚ ಕೇಳದೆ ಪಾತ್ರೆ ಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ? ನಿಂಬೆವ್ವ ಗೊಣಗಿದಳು. ಬುಟ್ಟಿ ಹೊತ್ತು ಹೊರಟ ಹಾಗೆ ಮಾಡಿದಳು. ವಾಪಸು ಬಂದು ಚಮಚ ಕೊಟ್ಟಳು. ದೊರೆಗೆ ಗೆದ್ದೆ ಅನ್ನಿಸಿತು. ಹಳೇ ಪದಗಳನ್ನೆಲ್ಲ ಅವಳು ಮಡಿಸಿ ಮಡಿಸಿ ಬುಟ್ಟಿಗೆ ತುಂಬಿಕೊಂಡಳು. ಗಿರಕಿ ಮಾತ್ರ ತಲೆ ಎತ್ತಿ, "ಸಂಜೆಗೆ ನಾನು ಬೇಡವಾ?" ಎಂದು ಕೇಳಿತು. ದೊರೆ ಚಮಚದಲ್ಲಿ ಮುಖ ನೋಡಿಕೊಳ್ಳುತ್ತಿದ್ದ. ಅವನಿಗೆ ಅದು ಕೇಳಿಸಲಿಲ್ಲ.

ಮರುದಿನದಿಂದ ರೋಟೇಟು ಕೆಲಸಕ್ಕೆ ಇಳಿಯಿತು. ಬಹಳ ಅಚ್ಚುಕಟ್ಟು. ಆದರೆ ಅದಕ್ಕೂ ಒಂದು ಪಟ್ಟು. ಯಾರೇ ಆಗಲಿ, ಇದ್ದಲ್ಲೇ ಇದ್ದು, ಒಬ್ಬೊಬ್ಬರೇ, ಯಾರನ್ನೂ ಮುಟ್ಟದೆ ತಿರುಗಬೇಕು. ಬಂಡಿಯ ಗಾಲಿ ತಿರುಗಿತು, ಬಂಡಿ ನಿಂತಲ್ಲೇ ನಿಂತಿತು. ಬೀಸುವ ಕಲ್ಲು ಕೆಳಗಿನ ಕಲ್ಲನ್ನು ಮುಟ್ಟದೆ ತಿರುಗಿತು, ಜೋಳ ಜೋಳವಾಗಿಯೇ ಉಳಿಯಿತು. ಗಾಣದ ಎತ್ತು ನಿಂತಲ್ಲೇ ತಿರುಗಿ ತಿರುಗಿ ತನ್ನ ಬಾಲವನ್ನೇ ಯಾರೋ ನೆಂಟರು ಎಂದು ಮಾತಾಡಿಸತೊಡಗಿತು. ಒಂದು ಮದುವೆಯಲ್ಲಿ ಗಂಡು ಹೆಣ್ಣು ಅಗ್ನಿಗೆ ಪ್ರದಕ್ಷಿಣೆ ಬರುವ ಬದಲು ನಿಂತಲ್ಲೇ ತಿರುಗಿದರು. ತಾಳಿ ಪುರೋಹಿತರ ಕೊರಳಿಗೆ ಬಿತ್ತು. ಅವರು ಈಗಲೂ ಆ ಮನೆಯಲ್ಲಿ ಅತ್ತೆಗೆ ಹೆದರಿಕೊಂಡು ನೀರು ಹೊರುತ್ತಿದ್ದಾರೆ.

"ಜೋಳ ಬೇಯಿಸಿಕೊಂಡು ತಿನ್ನಿ. ಬಂಡಿ ತಲೆ ಮೇಲೆ ಹೊತ್ತುಕೊಳ್ಳಿ" ಎಂದ ದೊರೆ. ಜನ ಹಾಗೇ ಮಾಡಿದರು. ಜನ ಯಾವುದಕ್ಕೆ ಒಗ್ಗಿಕೊಳ್ಳುವುದಿಲ್ಲ, ಹೇಳಿ?

ಸಂಜೆ ಹೂವಿ ಓಡಿ ಬಂದು ಎರಡೂ ಕೈ ಚಾಚಿದಳು. ದೊರೆ ಹಿಡಿದುಕೊಂಡ. ರೋಟೇಟು ಬಂತು. "ಮೊದಲು ಕೈ ಬಿಡಿ" ಎಂದಿತು. ಕೈಗಳು ತಾವಾಗಿಯೇ ಬಿಟ್ಟುಕೊಂಡವು. ಅವಳು ಅಲ್ಲೊಬ್ಬಳೇ ತಿರುಗಿದಳು. ಇವನು ಇಲ್ಲೊಬ್ಬನೇ ತಿರುಗಿದ. ಒಂದೊಂದು ಸಲ ಅವಳ ಮುಖ ಕಾಣುತ್ತಿತ್ತು, ಮತ್ತೆ ಬೆನ್ನು ಕಾಣುತ್ತಿತ್ತು. ಅವಳು ನಗುತ್ತಿರಲಿಲ್ಲ.

ದೊರೆಯ ಅರ್ಧ ಮೀಸೆ ನಡುಗಿತು. ಅವನು ಅಲ್ಲಿಂದಲೇ ನಿಂಬೆವ್ವನನ್ನು ಹುಡುಕಿಕೊಂಡು ಓಡಿದ.

"ಅಯ್ಯ ದೊರೀ, ಕೊಟ್ಟ ಹಳೇದನ್ನ ಯಾರಾರ ವಾಪಸ್ ಕೇಳ್ತಾರೇನ್ರೀ?" ಎಂದಳು ನಿಂಬೆವ್ವ. "ಎಲ್ಲಾ ಸೇರಿಸಿ ಕೌದಿ ಹೊಲದೆ. ಮೂಡಣ ಗುಡ್ಡಕ್ಕ ಚಳಿ ಬಾಳ ಅಂತ, ಅದು ಹೊತಗೊಂಡು ಮಲಗೇದ."

ದೊರೆ ಗುಡ್ಡ ಹತ್ತಿದ. ನೋಡಿದರೆ ಕೌದಿಯ ನಟ್ಟನಡುವೆ ಒಂದು ಪುಟ್ಟ ತೇಪೆಯಾಗಿ ಗಿರಕಿ ಕೂತಿದೆ!

"ಈ ತೇಪೆ ಒಂದನ್ನು ಕೊಡು" ಎಂದು ಕೈ ಮುಗಿದ.

"ತೇಪೆ ಬಿಚ್ಚಿದರೆ ಗಾಳಿ ನುಗ್ಗುತ್ತದೆ" ಎಂದಿತು ಗುಡ್ಡ. "ತೇಪೆಯ ಜಾಗದಲ್ಲಿ ನೀನು ಮಲಗು. ನಾನೊಂದು ಜೊಂಪು ತೆಗೆಯುತ್ತೇನೆ. ಎದ್ದ ಮೇಲೆ ತೇಪೆ ನಿನ್ನದು."

"ಒಂದೇ ಜೊಂಪಾ?"

"ಒಂದೇ."

ಒಂದೇ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ದೊರೆ ಒಪ್ಪಿಕೊಂಡು ಅಂಗಾತ ಮಲಗಿದ. ಗುಡ್ಡದ ಜೊಂಪು ಎಷ್ಟು ಉದ್ದ ಎಂದು ಕೇಳಲಿಲ್ಲ. ಕೇಳಬೇಕಿತ್ತು ಕಣ್ರೀ, ಛೆ! ಮಳೆ ಬಂತು, ಹೋಯಿತು. ಅವನ ಮೊಣಕಾಲಿನ ಮೇಲೆ ಬೇವಿನ ಸಸಿ ಹುಟ್ಟಿ, ಮರವಾಗಿ, ಹಣ್ಣು ಬಿಟ್ಟಿತು. ಗುಡ್ಡ ಆಮೇಲೆ ಆಕಳಿಸಿ ಎದ್ದು, ಮಾತಿಗೆ ತಪ್ಪದೆ ತೇಪೆ ಕೊಟ್ಟಿತು.

ದೊರೆ ಗಿರಕಿಯನ್ನು ಎದೆಗೆ ಅವಚಿಕೊಂಡು ಅರಮನೆಗೆ ಬಂದ. ಅಂಗಳದಲ್ಲಿ ಎತ್ತರದ ಹೆಂಗಸೊಬ್ಬಳು ನಿಂತು ಮುದಿ ಮಂತ್ರಿಗೆ ರಾಜ್ಯದ ಕೆಲಸ ಹೇಳುತ್ತಿದ್ದಳು. ದೊರೆಯನ್ನು ನೋಡಿ ಮಾತು ನಿಲ್ಲಿಸಿದಳು.

"ಅಪ್ಪಾ?"

"ಹೂವೀ, ತಂದೆ ಕಣೇ! ಗಿರಕಿ ತಂದೆ. ಬಾ, ಕೈ ಕೊಡು."

ಹೂವಿ ನಾಚಿಕೊಂಡು ಸುತ್ತಮುತ್ತ ನೋಡಿದಳು. ಆಮೇಲೆ ಎರಡೂ ಕೈ ಚಾಚಿದಳು. ದೊರೆ ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದ. ಅವಳ ಕಾಲು ನೆಲ ಬಿಡಲಿಲ್ಲ. ಗಿರಕಿಗೆ ತನ್ನ ಕೆಲಸ ಗೊತ್ತು. ಇಬ್ಬರಲ್ಲಿ ಹಗುರ ಇದ್ದವರ ಕಾಲು ನೆಲ ಬಿಡಬೇಕು. ದೊರೆಯ ಕಾಲು ನೆಲ ಬಿಟ್ಟಿತು.

ಅವಳು ಮೆಲ್ಲಗೆ, ಬಹಳ ಮೆಲ್ಲಗೆ, ಮುದುಕನ ಕೈ ಎಲ್ಲಿ ಕಿತ್ತುಬರುತ್ತದೋ ಎಂದು ಹೆದರುತ್ತ, ಒಂದು ಗಿರಕಿ ಹೊಡೆಸಿ ಕೆಳಗಿಳಿಸಿದಳು. ಅವನ ಪಂಚೆ ಸರಿಮಾಡಿದಳು.

"ಸಾಕಾ ಅಪ್ಪಾ?"

ದೊರೆ ಹೂಂ ಅಂದ. ಸಾಕಾಗಿರಲಿಲ್ಲ. ಆದರೆ ಅವಳಿಗೆ ಒಳಗೆ ಕೆಲಸವಿತ್ತು.

ಈ ಕತೆಯ ನೀತಿ ಏನಪ್ಪಾ ಅಂದರೆ, ಗುಡ್ಡದ ಜೊತೆ ವ್ಯವಹಾರ ಮಾಡುವಾಗ ಜೊಂಪಿನ ಉದ್ದವನ್ನು ಮೊದಲೇ ಅಳೆಸಿಕೊಳ್ಳಿ. ಕತೆ ಇಷ್ಟೇ, ನಮ್ಮ ಮುಂದಿನ ಕೆಂಡವೂ ಆರಿತು. ಬೂದಿ ನನ್ನ ಪಾಲಿಗೆ, ಕಾವು ನಿಮ್ಮ ಪಾಲಿಗೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಇನ್ನೂ ಯಾಕೆ ಕೂತಿದ್ದೀರಿ? ಏಳಿ, ಏಳಿ.