ಬೂದಿ ಕೆರೆಗೆ ಆ ಹೆಸರು ಬಂದದ್ದು

ಹಿರೇಜಂಬಾಳದ ಅಗಸೆಬಾಗಿಲು ದಾಟಿ ಪಡುವಣ ದಿಕ್ಕಿಗೆ ಅರ್ಧ ಹರದಾರಿ ನಡೆದರೆ ಎಡಕ್ಕೆ ಹಾಳುಬಿದ್ದ ಕೋಟೆಯ ಗೋಡೆ, ಬಲಕ್ಕೆ ಗುಂಡುಕಲ್ಲುಗಳ ಗುಡ್ಡ, ಎರಡರ ನಡುವೆ ಒಂದು ಕೆರೆ ಕಾಣುತ್ತದೆ. ಅದನ್ನು ಬೂದಿ ಕೆರೆ ಎನ್ನುತ್ತಾರೆ. ಹೊರಗಿನಿಂದ ಬಂದವರು ಹೆಸರು ಕೇಳಿ ನೀರನ್ನು ನೋಡುತ್ತಾರೆ. ನೀರು ಬೂದಿಯ ಬಣ್ಣದ್ದಲ್ಲ. ಮಳೆಗಾಲದಲ್ಲಿ ಕೆಮ್ಮಣ್ಣಿನ ರಾಡಿ, ಚಳಿಗಾಲಕ್ಕೆ ತಿಳಿ. ಯಾವನೋ ಋಷಿ ಇಲ್ಲಿ ಹೋಮ ಮಾಡಿ ಬೂದಿ ಸುರಿದನೆಂದು ಕೆಲವರು ಹೇಳುವುದುಂಟು. ಈ ಊರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದ ನಾನೂ ಮೊದಲು ಹಾಗೆಯೇ ನಂಬಿದ್ದೆ. ಕುರುಬರ ಹಟ್ಟಿಯ ರೇವವ್ವ, ಎಂಬತ್ತು ದಾಟಿದ ಮುದುಕಿ, ಒಂದು ದಿನ ನನ್ನನ್ನು ಕೂರಿಸಿಕೊಂಡು ತಿದ್ದಿದಳು. ಬೂದಿ ಎಂದರೆ ಒಲೆಯ ಬೂದಿಯಲ್ಲ, ಅದೊಂದು ನಾಯಿಯ ಹೆಸರು ಎಂದಳು. ಅವಳು ಹೇಳಿದ್ದನ್ನೂ, ಆಮೇಲೆ ಊರಿನ ನಾಲ್ಕಾರು ಮನೆಗಳಲ್ಲಿ ಕೇಳಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಹಿಂದೆ ಒಮ್ಮೆ, ಕೋಟೆಯ ಗೋಡೆಗಳು ಇನ್ನೂ ನೆಟ್ಟಗೆ ನಿಂತಿದ್ದ ಕಾಲದಲ್ಲಿ, ಈ ಸೀಮೆಯನ್ನು ರಾಚಪ್ಪ ದೇಸಾಯಿ ಎಂಬುವನು ಆಳುತ್ತಿದ್ದನಂತೆ. ಅವನಿಗೆ ಬೇಟೆಯ ಹುಚ್ಚಿಗಿಂತ ಬೇಟೆನಾಯಿಗಳ ಹುಚ್ಚು ಹೆಚ್ಚು. ಉದ್ದ ಕಾಲು, ಒಳಸೇರಿದ ಹೊಟ್ಟೆ, ಚೂಪು ಮೋರೆಯ ಅರುವತ್ತು ನಾಯಿಗಳನ್ನು ಸಾಕಿದ್ದ. ಅರುವತ್ತೂ ಬಿಳಿಯವು. ಮೈಮೇಲೆ ಎಳ್ಳಿನಷ್ಟು ಕರಿ ಚುಕ್ಕೆ ಇರುವ ನಾಯಿಯೂ ಕೋಟೆಯೊಳಗೆ ಇರಕೂಡದು. ನೆರೆಯ ಸಂಸ್ಥಾನದವರು ಬಂದಾಗ ಆ ನಾಯಿಗಳನ್ನು ಸಾಲಾಗಿ ಮಲಗಿಸಿ, ಮಲ್ಲಿಗೆಯ ರಾಶಿ ಹೇಗಿದೆ ನೋಡಿ ಎನ್ನುತ್ತಿದ್ದ. ಇಷ್ಟಕ್ಕೇ ನಿಂತಿದ್ದರೆ ಅದು ಅವನ ಮನೆಯ ಮಾತಾಗುತ್ತಿತ್ತು. ಆದರೆ ಬಣ್ಣದ ನಾಯಿಗಳ ರಕ್ತ ಬೆರೆತು ತನ್ನ ತಳಿ ಕೆಟ್ಟೀತೆಂದು ಅವನೊಂದು ಆಜ್ಞೆ ಹೊರಡಿಸಿದ. ಸೀಮೆಯ ಯಾವ ಹಟ್ಟಿಯಲ್ಲಿ, ಯಾವ ಹಿತ್ತಿಲಲ್ಲಿ ನಾಯಿ ಮರಿ ಹಾಕಿದರೂ ಬಿಳಿಯವನ್ನು ಮಾತ್ರ ಉಳಿಸಬೇಕು. ಕೆಂದ, ಕರಿಯ, ಹಂಡಬಂಡ, ಹುಲಿಪಟ್ಟೆ ಯಾವುದಿದ್ದರೂ ಚೀಲದಲ್ಲಿ ಕಟ್ಟಿ ಕೋಟೆಯ ಕೆಳಗಿನ ಕೆರೆಗೆ ಎಸೆಯಬೇಕು. ಈ ಕೆಲಸಕ್ಕೆ ನಾಯಿಗಾರ ದುರುಗಪ್ಪನನ್ನು ನೇಮಿಸಿದ್ದ. ವರ್ಷಕ್ಕೆರಡು ಸಲ ದುರುಗಪ್ಪ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಹಟ್ಟಿಹಟ್ಟಿ ತಿರುಗುತ್ತಿದ್ದ. ಅವನು ಬರುವುದು ಕಂಡರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಗುಡ್ಡದ ಆಚೆಗಿನ ಹಟ್ಟಿಯಲ್ಲಿ ಕೆಂಚವ್ವ ಎಂಬ ಕುರುಬರ ಹೆಣ್ಣುಮಗಳಿದ್ದಳು. ಗಂಡ ಜಕ್ಕಪ್ಪ, ಅವಳು, ಇನ್ನೂರು ಕುರಿ, ಕಾವಲಿಗೊಂದು ನಾಯಿ. ನಾಯಿ ಬಿಳಿಯದು, ಏಕೆಂದರೆ ಬೇರೆ ಬಣ್ಣದ್ದು ಬದುಕುವ ಹಾಗಿರಲಿಲ್ಲ. ಅದು ನೋಡಲು ಚೆಂದ, ಓಡಿದರೆ ಬಾಣ. ಆದರೆ ಕರೆದರೆ ತಿರುಗುತ್ತಿರಲಿಲ್ಲ. ಇದಕ್ಕೆ ಮೊಂಡುತನ ಎಂದು ಜಕ್ಕಪ್ಪ ನಗುತ್ತಿದ್ದ. ಒಂದು ಸಂಜೆ, ಹೊತ್ತು ಇನ್ನೂ ಮುಳುಗಿರಲಿಲ್ಲ, ಅವನು ಹಳ್ಳದಲ್ಲಿ ಬಾಗಿ ಕುರಿಮರಿಯೊಂದಕ್ಕೆ ನೀರು ಕುಡಿಸುತ್ತಿದ್ದಾಗ ಪೊದೆಯಿಂದ ಕರಡಿ ಬಂತು. ಕುರಿಗಳು ಕಲ್ಲು ಉರುಳಿಸುತ್ತ ಚೆಲ್ಲಾಪಿಲ್ಲಿಯಾದವು. ಜಕ್ಕಪ್ಪ ಕೂಗಿದ್ದು ಹಟ್ಟಿಯವರೆಗೂ ಕೇಳಿಸಿತು. ಜನ ಬಡಿಗೆ ಹಿಡಿದು ಓಡಿಬಂದಾಗ ಅವನ ಪ್ರಾಣ ಹೋಗಿತ್ತು. ಹತ್ತು ಮಾರು ದೂರದ ಬಂಡೆಯ ಮೇಲೆ ಬಿಳಿ ನಾಯಿ ಅತ್ತ ಬೆನ್ನು ಮಾಡಿ ಸುಖವಾಗಿ ಮಲಗಿತ್ತು. ಹಟ್ಟಿಯವರು ಅದನ್ನು ಕೊಲ್ಲಹೋದರು. ಕೆಂಚವ್ವ ತಡೆದಳು. ಮಣ್ಣು ಮುಗಿಸಿ ಬಂದ ಮೂರನೆಯ ದಿನ ಅವಳು ಆ ನಾಯಿಯ ಹಿಂದೆ ನಿಂತು ಜಾಗಟೆ ಬಾರಿಸಿದಳಂತೆ. ನಾಯಿ ಕಿವಿ ಅಲುಗಿಸಲಿಲ್ಲ. ಆಗ ಅವಳಿಗೆ ತಿಳಿಯಿತು. ನಾಯಿಯದು ತಪ್ಪಲ್ಲ, ಅದು ಹುಟ್ಟುಕಿವುಡು. ಬಿಳಿಗೆ ಬಿಳಿಯನ್ನೇ ಕೂಡಿಸಿ ಕೂಡಿಸಿ ತಂದುಕೊಂಡ ಕಿವುಡು. ಅಚ್ಚಬಿಳಿ ಮರಿಗೆ ಕಿವಿ ಮಂದ ಎಂದು ಹಟ್ಟಿಯ ಹಿರಿಯರಿಗೆ ಮೊದಲೂ ಗೊತ್ತಿತ್ತು. ಹೇಳಲು ಯಾರಿಗೂ ಧೈರ್ಯವಿರಲಿಲ್ಲ.

ಆ ನಾಯಿಯೇ ಮುಂದಿನ ಯುಗಾದಿಯ ಹೊತ್ತಿಗೆ ಮರಿ ಹಾಕಿತು. ಯಾವ ಊರಿನ ಯಾವ ಗಂಡುನಾಯಿ ಬಂದಿತ್ತೋ, ಮೂರು ಬಿಳಿ ಮರಿಗಳ ಜೊತೆ ಒಂದು ಹೆಣ್ಣುಮರಿ ಯಾರೂ ಕಂಡಿರದ ಬಣ್ಣದ್ದು. ಮೈಯೆಲ್ಲ ಒಲೆಯಿಂದ ಆಗತಾನೆ ತೆಗೆದ ಬೂದಿಯಂತೆ, ಅದರ ಮೇಲೆ ಇದ್ದಿಲು ಕೈಯಲ್ಲಿ ಒರೆಸಿದ ಹಾಗೆ ಕರಿ ಮಚ್ಚೆ, ಕಾಲಿಗೆ ಕೆಂಪು, ಕಣ್ಣು ತೆರೆದಾಗ ಒಂದು ಕಣ್ಣು ಕಂದು, ಇನ್ನೊಂದು ಅಗಸೆ ಹೂವಿನ ನೀಲಿ. ಇದು ಅಪಶಕುನ, ನಾವೇ ಕೆರೆಗೆ ಹಾಕಿ ಬರೋಣ ಎಂದರು ನೆರೆಯವರು. ಕೆಂಚವ್ವ ಮರಿಯ ಬೆನ್ನ ಹಿಂದೆ ಒಂದು ಒಣಕಡ್ಡಿ ಮುರಿದಳು. ಮರಿ ಗಕ್ಕನೆ ತಿರುಗಿ ನೋಡಿತು. ಅವಳು ಅದನ್ನು ಎತ್ತಿಕೊಂಡು ಬೂದಿ ಎಂದು ಹೆಸರಿಟ್ಟಳು.

ದುರುಗಪ್ಪ ಬಂದ ದಿನ ಅವಳು ಮರಿಯನ್ನು ಬಚ್ಚಿಡಲಿಲ್ಲ. ಹಟ್ಟಿಯ ನಡುವೆ, ಎಲ್ಲರಿಗೂ ಕಾಣುವಂತೆ, ಮರಿಯನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತಿದ್ದಳು. ಅವನು ಚೀಲದ ಬಾಯಿ ಬಿಚ್ಚಿದ.

“ದುರುಗಣ್ಣ, ಕೊಡಾಂಗಿಲ್ಲ,” ಎಂದಳು. “ನಿನ್ನ ನಾಯಿಗೋಳಿಗೆ ಕಿವಿ ಇಲ್ಲ ಅನ್ನೋದು ನಿನಗ ಗೊತ್ತೈತಿ. ನೀ ಬಾಯಿ ಬಿಡಲಿಲ್ಲ, ನನ್ನ ಗಂಡ ಸತ್ತ.”

ದುರುಗಪ್ಪ ಚೀಲದ ಬಾಯಿ ಮತ್ತೆ ಕಟ್ಟಿದ. ಅವನಿಗೆ ಗೊತ್ತಿದ್ದದ್ದು ನಿಜ. ಹದಿನೇಳು ವರ್ಷದಿಂದ ಅವನು ಕೋಟೆಯ ನಾಯಿಗಳನ್ನು ಕರೆದದ್ದೇ ಇಲ್ಲ. ಎದುರಿಗೆ ನಿಂತು ಹೆಗಲ ಮೇಲಿನ ಕೆಂಪು ವಸ್ತ್ರ, ವಲ್ಲಿ, ಬೀಸಿ ನಡೆಸುತ್ತಿದ್ದ. ಅದೊಂದು ರಾಜರೀತಿಯೆಂದು ದೇಸಾಯಿ ತಿಳಿದಿದ್ದ. ಬರಿಗೈಯಲ್ಲಿ ಮರಳಿದ ನಾಯಿಗಾರನನ್ನು ದೇಸಾಯಿ ವಿಚಾರಿಸಿದ. ಹೆಂಗಸನ್ನೂ ಮರಿಯನ್ನೂ ಕೆರೆಯ ಏರಿಗೆ ಕರೆತರಲು ಹೇಳಿದ.

ಮರುದಿನ ಬೆಳಿಗ್ಗೆ ಕೆರೆಯ ಏರಿಯ ಮೇಲೆ ಊರೇ ಸೇರಿತ್ತು ಎನ್ನುತ್ತಾರೆ. ದೇಸಾಯಿ ಗದ್ದುಗೆ ಹಾಕಿಸಿಕೊಂಡು ಕುಳಿತಿದ್ದ. ಅವನ ಪಕ್ಕದಲ್ಲಿ ಅರುವತ್ತು ಬಿಳಿ ನಾಯಿಗಳು ಎಳೆಬಿಸಿಲಿಗೆ ಮೈ ಚಾಚಿದ್ದವು. ಕೆಂಚವ್ವನ ಹಿಂದೆ ಹಟ್ಟಿಯ ಮೂವತ್ತು ಮನೆಯವರೂ ಬಂದು ನಿಂತರು. ಆಜ್ಞೆ ಮೀರಿದ್ದೇಕೆ ಎಂದು ದೇಸಾಯಿ ಕೇಳಿದ. ಅವಳು ಒಂದು ಕೈಯಲ್ಲಿ ಮರಿಯನ್ನು ಹಿಡಿದು ನಾಯಿಗಳ ಹಿಂಬದಿಗೆ ಹೋದಳು. ಹಟ್ಟಿಯ ಯಜಮಾನ ಹಾಲಪ್ಪ ಸೊಂಟದಲ್ಲಿ ಸಿಕ್ಕಿಸಿಕೊಂಡು ಬಂದಿದ್ದ ಜಾಗಟೆಯನ್ನು ಬಾರಿಸಿದ. ಕೋಟೆಯ ಗೋಡೆಗೆ ಬಡಿದು ಸದ್ದು ಮಾರ್ದನಿಸಿತು. ಗಿಡದಲ್ಲಿದ್ದ ಹಕ್ಕಿಗಳು ಎದ್ದವು. ಅರುವತ್ತು ನಾಯಿಗಳಲ್ಲಿ ನಾಲ್ಕೋ ಐದೋ ತಲೆಯೆತ್ತಿದವು. ಉಳಿದವು ಮಲಗಿದ್ದಂತೆಯೇ ಮಲಗಿದ್ದವು. ಬೂದಿ ಮಾತ್ರ ಅವಳ ತೋಳಿನಲ್ಲಿ ಕಿವಿ ನಿಮಿರಿಸಿ ಒದ್ದಾಡಿತು. ದೇಸಾಯಿಯ ಮುಖ ಕಪ್ಪಿಟ್ಟಿತು. ತನ್ನ ನಾಯಿಗಳು ಜಾಗಟೆಗೆ ಬೆದರುವ ಬೀದಿನಾಯಿಗಳಲ್ಲ, ಅಲುಗದಂತೆ ಅವನ್ನು ಪಳಗಿಸಲಾಗಿದೆ ಎಂದು ಗದರಿದ. ಮರಿಯನ್ನು ಎಲ್ಲರ ಕಣ್ಣೆದುರು ಮುಳುಗಿಸಬೇಕೆಂದು ದುರುಗಪ್ಪನಿಗೆ ಅಪ್ಪಣೆಯಾಯಿತು. ಇಬ್ಬರು ಆಳುಗಳು ಕೆಂಚವ್ವನ ತೋಳು ಹಿಡಿದರು. ಮರಿ ಅವಳ ಕೈಯಿಂದ ಹೋಯಿತು.

ದುರುಗಪ್ಪ ಮೆಟ್ಟಿಲಿಳಿದು ನೀರಿಗೆ ಹೋದ. ಮೊಳಕಾಲುದ್ದ, ತೊಡೆಯುದ್ದ, ಸೊಂಟದುದ್ದ. ಅಲ್ಲಿ ನಿಂತ. ಮರಿ ಅವನ ಹೆಬ್ಬೆರಳು ಚೀಪುತ್ತಿತ್ತಂತೆ. ಬಹಳ ಹೊತ್ತು ನಿಂತ. ಆಮೇಲೆ ಹೇಗೆ ಹೋಗಿದ್ದನೋ ಹಾಗೆಯೇ ಹಿಂದಿರುಗಿ ಮೆಟ್ಟಿಲೇರಿ ಬಂದು ಮರಿಯನ್ನು ಕೆಂಚವ್ವನ ಕೈಗೆ ಕೊಟ್ಟ. ಹೆಗಲ ಮೇಲಿನ ಕೆಂಪು ವಲ್ಲಿಯನ್ನು ದೇಸಾಯಿಯ ಕಾಲ ಬಳಿ ಇಟ್ಟ.

“ಧಣಿ, ಈಕಿ ತೋರಿಸಿದ್ದು ಖರೆ ಐತ್ರಿ. ಅವು ಕಿವುಡು. ಹದಿನೇಳು ವರ್ಷ ನಾ ಮುಚ್ಚಿಟ್ಟೆ. ಕಿವಿ ಕೇಳೋ ಮರಿಗೋಳನ್ನ ಇದೇ ನೀರಾಗ ಮುಳುಗಿಸಿದೆ. ಇನ್ನ ನನ್ನ ಕೈಲೆ ಆಗೂದಿಲ್ರಿ.”

ದೇಸಾಯಿ ಬೇರೆ ಆಳುಗಳತ್ತ ನೋಡಿದ. ಅವರು ನೆಲ ನೋಡಿದರು. ತನ್ನ ಕೈಯಿಂದಲೇ ಆ ಕೆಲಸ ಮಾಡಲು ಅಷ್ಟು ಜನರ ಎದುರು ಅವನಿಂದಲೂ ಆಗಲಿಲ್ಲ. ಎದ್ದು ನಿಂತು, ಕೆಂಚವ್ವನಿಗೂ ದುರುಗಪ್ಪನಿಗೂ ಗಡಿಪಾರು, ಮರಿಯನ್ನು ಒಪ್ಪಿಸುವ ತನಕ ಹಟ್ಟಿಯ ಒಂದು ಕುರಿಯೂ ಈ ಕೆರೆಯ ನೀರು ಮುಟ್ಟಕೂಡದು ಎಂದು ಹೇಳಿ ಹೊರಟುಹೋದ. ಮರಿಯನ್ನು ಕೊಟ್ಟುಬಿಡೋಣವೆಂದು ಹಟ್ಟಿಯಲ್ಲಿ ಒಬ್ಬಿಬ್ಬರು ಅಂದರೂ ಅಂದಿರಬಹುದು. ಹಾಲಪ್ಪ ಮಾತ್ರ ಅಂದೇ ಗುಡಿಸಲಿನ ಕಂಬ ಕೀಳಿಸಿದ. ಸಂಜೆಯೊಳಗೆ ಮೂವತ್ತು ಮನೆ, ಆರು ಸಾವಿರ ಕುರಿ ಸೀಮೆಯ ಗಡಿ ದಾಟಿದವು. ಮುಂದೆ ಕೆಂಚವ್ವ, ಅವಳ ಕಂಬಳಿಯ ಜೋಳಿಗೆಯಲ್ಲಿ ಬೂದಿ.

ಕುರಿ ಹೋದ ಮೇಲೆ ಊರಿಗೆ ಅದರ ಬೆಲೆ ತಿಳಿಯಿತು. ಬೇಸಿಗೆಯಲ್ಲಿ ಹೊಲಗಳಲ್ಲಿ ರಾತ್ರಿ ಮಂದೆ ತರುಬಿ ನಿಲ್ಲಿಸಿದರೆ ತಾನೆ ಭೂಮಿಗೆ ಗೊಬ್ಬರ! ಮೊದಲ ವರ್ಷ ಜೋಳದ ತೆನೆ ಗಿಡ್ಡಾಯಿತು, ಎರಡನೆಯ ವರ್ಷ ಕಾಳು ಜೊಳ್ಳಾಯಿತು, ಚಳಿಗೆ ಹೊದೆಯಲು ಹೊಸ ಕಂಬಳಿಯೂ ಇಲ್ಲ. ಊರ ಗೌಡ ಕೋಟೆಗೆ ಹೋಗಿ, ತಾವು ಹೇಳಿದರೂ ಹೇಳದಿದ್ದರೂ ಕುರುಬರನ್ನು ಕರೆದು ತರುತ್ತೇವೆ ಎಂದು ತಿಳಿಸಿ ಬಂದ. ಕುರಿ ಬರಲಿ, ಆ ನಾಯಿ ಬರುವುದು ಬೇಡ ಎಂದ ದೇಸಾಯಿ. ಗೌಡ ಹೋಗಿ ಹಾಗೆಯೇ ಹೇಳಿದಾಗ ಕೆಂಚವ್ವ ನಕ್ಕಳಂತೆ, ಗಂಡ ಸತ್ತ ಮೇಲೆ ಮೊದಲ ಸಲ. ಮಂದೆ ಬಂದ ದಿನ ಕುರಿಗಳಿಗಿಂತ ಮುಂದೆ ಬಂದದ್ದು ಬೂದಿ. ಈಗ ಅದು ಸೊಂಟಮಟ್ಟದ ನಾಯಿ. ದೇಸಾಯಿಯ ಕಾವಲುಗಾರರು ನೋಡುತ್ತಿದ್ದಂತೆ ಕೆಂಚವ್ವ ಅದನ್ನು ಮೆಟ್ಟಿಲಿಳಿಸಿ, ಕುರಿಗಳನ್ನು ತಡೆದು ನಿಲ್ಲಿಸಿ, ಮೊದಲು ಅದಕ್ಕೇ ನೀರು ಕುಡಿಸಿದಳು. ದುರುಗಪ್ಪನೂ ಕಂಬಳಿ ಹೊದ್ದು ಕುರಿಗಾರನಾಗಿ ಜೊತೆಯಲ್ಲಿದ್ದ. ಅಂದಿನಿಂದ ನೀರಿಗೆ ಹೋಗುವವರೆಲ್ಲ ಬೂದಿಯ ಕೆರೆಗೆ ಹೋಗುತ್ತೇವೆ ಎನ್ನತೊಡಗಿದರು.

ಇದು ದೇಸಾಯಿಯ ಕಿವಿಗೆ ಬಿತ್ತು. ಕೆರೆ ಕಟ್ಟಿಸಿದವರು ಅವನ ಹಿರಿಯರು. ಇದು ದೇಸಾಯಿಯ ಕೆರೆ, ಬೇರೆ ಹೆಸರು ಹೇಳಿದವರ ಕೊಡ ಒಡೆಯಲಾಗುವುದು ಎಂದು ಡಂಗುರ ಸಾರಿಸಿ, ಹಾದಿಯಲ್ಲಿ ಇಬ್ಬರು ಕಾವಲಿನವರನ್ನು ನಿಲ್ಲಿಸಿದ. ನೀರಿಗೆ ಬಂದ ಹೆಂಗಸರನ್ನು ಎಲ್ಲಿಗೆ ಎಂದು ಅವರು ಕೇಳಬೇಕು. ಮೊದಲು ಬಂದವಳು ಗೌಡರ ಸೊಸೆ. ಬೂದಿಯ ಕೆರೆಗೆ ಎಂದಳು. ಕೊಡ ಒಡೆದರು. ಅವಳ ಹಿಂದಿನವಳೂ ಹಾಗೆಯೇ ಎಂದಳು, ಅವಳ ಹಿಂದಿನವಳೂ ಹಾಗೆಯೇ. ಆ ದಿನ ಹಾದಿಯ ತುಂಬ ಒಡೆದ ಕೊಡಗಳ ಬೋಕಿ. ಮರುದಿನ ಅವರೇ ಹೊಸ ಕೊಡ ಹೊತ್ತು ಬಂದರು, ಅದೇ ಮಾತು ಹೇಳಿದರು. ಕುಂಬಾರ ಸಂಗಪ್ಪ ಹಗಲೆಲ್ಲ ತಿಗರಿ ತಿರುಗಿಸಿದ, ಯಾರಿಂದಲೂ ಒಂದು ಕಾಳು ಮುಟ್ಟಲಿಲ್ಲ. ಹೀಗೆ ಒಂಬತ್ತು ದಿನ. ಹತ್ತನೆಯ ದಿನ ಕಾವಲಿನವರಲ್ಲಿ ಒಬ್ಬನ ಸ್ವಂತ ತಾಯಿ ಕೊಡ ಹೊತ್ತು ಬಂದಳು. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಅವಳೇ ನಿಂತು, “ಯಾಕ ಕೇಳವಲ್ಲಿ? ಬೂದಿ ಕೆರಿಗೆ ಹೊಂಟೀನಿ. ಒಡಿ,” ಎಂದಳು. ಅವನು ಬಡಿಗೆಯನ್ನು ಗಿಡಕ್ಕೆ ಒರಗಿಸಿ ಮನೆಗೆ ಹೋದ. ಮತ್ತೆ ಯಾರನ್ನೂ ಆ ಹಾದಿಯಲ್ಲಿ ಕಾವಲಿಗೆ ನಿಲ್ಲಿಸಲಿಲ್ಲ. ದೇಸಾಯಿ ಸಾಯುವವರೆಗೂ ಆ ಹೆಸರನ್ನು ಬಾಯಲ್ಲಿ ಆಡಲಿಲ್ಲ ಎನ್ನುತ್ತಾರೆ. ಅವನ ಮೊಮ್ಮಗನ ಕಾಲಕ್ಕೆ ಕೋಟೆಯವರೇ ಆಡತೊಡಗಿದರು.

ಈಗ ಹೋದವರು ಅಲ್ಲಿ ಮೆಟ್ಟಿಲು ನೋಡಬಹುದು. ಹನ್ನೊಂದು ಮೆಟ್ಟಿಲು, ಕೆಳಗಿನ ನಾಲ್ಕು ಸವೆದು ಹೊಂಡ ಬಿದ್ದಿವೆ. ಗುಡಿಯಿಲ್ಲ, ಪೂಜಾರಿಯಿಲ್ಲ. ಆದರೆ ಸುತ್ತಲಿನ ಹಟ್ಟಿಗಳಲ್ಲಿ ನಾಯಿ ಮರಿ ಹಾಕಿ ಕಣ್ಣು ತೆರೆದ ಮೇಲೆ, ಮರಿಗಳನ್ನು ಬುಟ್ಟಿಯಲ್ಲಿ ಇಲ್ಲಿಗೆ ತರುವ ರೂಢಿ ಇನ್ನೂ ಉಳಿದಿದೆ. ಹೋದ ಕಾರ್ತಿಕದಲ್ಲಿ ನಾನು ಏರಿಯ ಮೇಲೆ ಕುಳಿತಿದ್ದಾಗ ರೇವವ್ವನ ಸೊಸೆ ಐದು ಮರಿ ತಂದಿದ್ದಳು. ಒಂದು ಹುಲಿಪಟ್ಟೆ, ಎರಡು ಕೆಂದ, ಒಂದು ಹಂಡಬಂಡ, ಒಂದು ಬಿಳಿ. ಬಿಳಿಯದಕ್ಕೆ ಕಿವಿ ಕೇಳುವುದಿಲ್ಲ, ಅದನ್ನು ಮನೆಯ ಅಂಗಳದಲ್ಲೇ ಸಾಕುತ್ತೇವೆ ಎಂದಳು. ಐದನ್ನೂ ಒಂದೊಂದಾಗಿ ಎತ್ತಿ, ಕೊನೆಯ ಮೆಟ್ಟಿಲಿನಲ್ಲಿ ಕುಳಿತು, ನೀರಿಗೆ ಕಾಲು ಮಾತ್ರ ಮುಟ್ಟಿಸಿ, ಸೆರಗಿನಿಂದ ಒರೆಸಿ ಬುಟ್ಟಿಗೆ ಹಾಕಿದಳು. ಆಮೇಲೆ ಐದನ್ನೂ ಎಣಿಸಿಕೊಂಡು ಬುಟ್ಟಿ ಹೊತ್ತು ಮನೆಗೆ ಹೋದಳು.