ಕೂಗು ನಿಂತ ಮೈದಾನ

"ಉಸ್ತಾದರೇ, ನೀವು ಅಖಾಡಕ್ಕೆ ಇಳಿಯುವುದನ್ನು ಬಿಟ್ಟ ಮೇಲೆ ಈ ಗರಡಿಯಲ್ಲಿ ನಿಮ್ಮದು ಅಂತ ಏನು ಉಳಿಯುತ್ತದೆ?" ಎಂದು ಶಿಷ್ಯ ಕೇಳಿದ. ಏಳು ಹಳ್ಳಿಯ ಪೈಲ್ವಾನರಿಗೆ ಮಣ್ಣು ಮುಕ್ಕಿಸಿದವನು ಅವನು. ಕೇಳಿ ಸುಮ್ಮನಿರಲಿಲ್ಲ. "ಬಾಗಿಲ ಮೇಲೆ ನಿಮ್ಮ ಹೆಸರು ಕೆತ್ತಿಸುತ್ತೇನೆ. ನಾನಿರುವಾಗ ನಿಮಗೇನು ಚಿಂತೆ?" ಎಂದೂ ಸೇರಿಸಿದ.

ಉಸ್ತಾದರು ಮೊಣಕಾಲು ನೀವಿಕೊಳ್ಳುತ್ತ ಹೇಳಿದರು: "ಒಂದು ಕತೆ ಹೇಳುತ್ತೇನೆ. ನೀನು ನಂಬುವುದಿಲ್ಲ, ಗೊತ್ತಿದೆ. ಇದರಲ್ಲಿ ಒಂದೇ ಒಂದು ಮಾತು ಸುಳ್ಳು ಅಂತ ತೋರಿಸು, ಮೀಸೆ ಬೋಳಿಸಿಕೊಂಡು ಸಂತೆಯಲ್ಲಿ ನಿಲ್ಲುತ್ತೇನೆ."

ಒಂದು ಊರಿನಲ್ಲಿ ನೂಲಿನ ಗಿರಣಿ ಇತ್ತು. ಗಿರಣಿಗೆ ಒಂದು ಫುಟ್‌ಬಾಲ್ ಕ್ಲಬ್ಬು, ಕ್ಲಬ್ಬಿಗೆ ಒಬ್ಬ ಮ್ಯಾನೇಜರ್. ಆಡುವವರೆಲ್ಲ ಗಿರಣಿಯ ಕಾರ್ಮಿಕರು. ಮ್ಯಾನೇಜರ್ ಮಾತ್ರ ಹೊರಗಿನಿಂದ ಬಂದವನು. ಗಿರಣಿಯ ಒಳಗೆ ಅವನು ಒಂದು ದಿನವೂ ಕಾಲಿಟ್ಟಿರಲಿಲ್ಲ.

ಅವನು ಬಂದಾಗ ಆ ತಂಡವೆಂದರೆ ಸುತ್ತಲಿನ ಊರುಗಳಿಗೆಲ್ಲ ನಗೆಪಾಟಲು. ಚೆಂಡು ಎತ್ತ ಹೋದರೆ ಅತ್ತ ಹನ್ನೊಂದು ಜನವೂ ಓಡುತ್ತಿದ್ದರು, ಗೋಲು ಕಾಯುವವನೂ ಸೇರಿ. ಮ್ಯಾನೇಜರ್ ಒಂದೇ ಒಂದು ಕಟ್ಟಳೆ ಮಾಡಿದ. "ಮೈದಾನದಲ್ಲಿ ನಿಮಗೆ ಕಾಲು, ನನಗೆ ಬಾಯಿ." ಒಬ್ಬರನ್ನೊಬ್ಬರು ಕರೆಯುವಂತಿಲ್ಲ, ಕೈಸನ್ನೆಯನ್ನೂ ಮಾಡುವಂತಿಲ್ಲ. ಅವನು ಗೆರೆಯ ಹೊರಗೆ ನಿಂತು ಕೂಗುತ್ತಿದ್ದ. ಎಡಕ್ಕೆ ಎಂದರೆ ಎಡಕ್ಕೆ, ಹಿಂದಕ್ಕೆ ಎಂದರೆ ಹಿಂದಕ್ಕೆ. ಹೊಡೆ ಎಂದಾಗ ಮಾತ್ರ ಹೊಡೆಯುತ್ತಿದ್ದರು.

ತಂಡ ಗೆಲ್ಲತೊಡಗಿತು. ಅದೂ ಒಂದೆರಡು ಸಲವಲ್ಲ, ಇಪ್ಪತ್ತೆರಡು ವರ್ಷ ಗೆದ್ದಿತು. ಕಪ್ಪುಗಳನ್ನು ಇಡಲು ಗಾಜಿನ ಬೀರು ಸಾಲದೆ ಮತ್ತೊಂದು ಬೀರು ತರಿಸಿದರು. "ಆಡುವವನು ಒಬ್ಬನೇ, ಕಾಲು ಮಾತ್ರ ಇಪ್ಪತ್ತೆರಡು" ಎಂದು ಊರಿನವರು ಆಡಿಕೊಂಡರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮ್ಯಾನೇಜರ್ ಹಿಗ್ಗುತ್ತಿದ್ದ. ತಾನು ಎದ್ದು ಹೋದ ದಿನ ಈ ಕ್ಲಬ್ಬು ಕುಸಿಯಬೇಕು, ಆಗ ತಾನು ಯಾರೆಂದು ಜನಕ್ಕೆ ತಿಳಿಯಬೇಕು ಎಂಬುದು ಅವನ ಒಳಗಿನ ಆಸೆ. ಹೆಸರು ಉಳಿಯುವುದೆಂದರೆ ಅದೇ ಎಂದು ಅವನು ತಿಳಿದಿದ್ದ.

ಆದರೆ ಕೂಗುವವನಿಗೂ ದಣಿವಿದೆ. ಪಂದ್ಯ ಮುಗಿಸಿ ಬಂದರೆ ಬೂಟು ಬಿಚ್ಚುವಷ್ಟು ತ್ರಾಣವೂ ಇರುತ್ತಿರಲಿಲ್ಲ. ಮನೆಯ ಕಟ್ಟೆಯ ಮೇಲೆ ಹಾಗೇ ಕೂತುಬಿಡುತ್ತಿದ್ದ.

"ಹನ್ನೊಂದು ಮಂದಿ ಆಡ್ಯಾರ, ನಿಮಗ್ಯಾಕ್ರಿ ಇಷ್ಟು ಸುಸ್ತು?" ಎಂದು ಹೆಂಡತಿ ಕೇಳಿದಳು.

"ಹನ್ನೊಂದು ಮಂದಿದೂ ನಾನೇ ಆಡಿ ಬಂದೀನಿ" ಎಂದ.

ಇಪ್ಪತ್ತಮೂರನೆಯ ವರ್ಷ ಗಂಟಲು ಕೈಕೊಟ್ಟಿತು. ಇನ್ನು ಕೂಗಿದರೆ ಇರುವ ಪಿಸುದನಿಯೂ ಹೋಗುತ್ತದೆ ಎಂದರು ಡಾಕ್ಟರು. ಮ್ಯಾನೇಜರ್ ಸೀಟಿ ಹಿಡಿದ. ಒಂದು ಸಲ ಊದಿದರೆ ಎಡಕ್ಕೆ, ಎರಡು ಸಲ ಊದಿದರೆ ಬಲಕ್ಕೆ. ಆಟಗಾರರು ಸೀಟಿ ಎಣಿಸುವಷ್ಟರಲ್ಲಿ ಚೆಂಡು ಎದುರಾಳಿಯ ಕಾಲಲ್ಲಿ ಇರುತ್ತಿತ್ತು. ಆಮೇಲೆ ಕೆಂಪು ಟವೆಲು, ಬಿಳಿ ಟವೆಲು ಬೀಸಿದ. ಅವರು ಟವೆಲು ನೋಡುತ್ತ ನಿಂತರು, ಎದುರಾಳಿ ಗೋಲು ಹೊಡೆದ. ಆರು ಪಂದ್ಯ ಸಾಲಾಗಿ ಸೋತರು. ಗಿರಣಿಯ ಧಣಿ ಹೇಳಿಕಳಿಸಿದ: ಇನ್ನೊಂದು ಸೋತರೆ ಕ್ಲಬ್ಬು ಮುಚ್ಚುತ್ತೇನೆ, ಆ ಮೈದಾನದಲ್ಲಿ ಹತ್ತಿಯ ಮೂಟೆಗಳನ್ನು ಒಟ್ಟಿಸುತ್ತೇನೆ.

ಬಯಸಿದ್ದೇ ಕಣ್ಣೆದುರು ಆಗುತ್ತಿತ್ತು. ಅವನ ಕೂಗು ನಿಂತಿತು, ಕ್ಲಬ್ಬು ಕುಸಿಯುತ್ತಿತ್ತು. ಆದರೆ ಖುಷಿ ಮಾತ್ರ ಬರಲೊಲ್ಲದು. ಇರಲು ಶಕ್ತಿಯಿಲ್ಲ, ಬಿಡಲು ಮನಸ್ಸಿಲ್ಲ.

ಏಳನೆಯ ಪಂದ್ಯದ ದಿನ ತಂಡದ ನಾಯಕ ಬಂದು ಮುಂದೆ ನಿಂತ. ನೂಲುವ ಖಾತೆಯಲ್ಲಿ ಹದಿನೆಂಟು ವರ್ಷ ದುಡಿದವನು.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಇವತ್ತೊಂದಿನ ನಮ್ಮ ಗಿರಣಿ ಮಾತು ಆಡೂಣೇನ್ರಿ?"

"ಅದ್ಯಾವ ಮಾತು?" ಮ್ಯಾನೇಜರ್ ಪಿಸುಗುಟ್ಟಿದ.

ನಾಯಕ ವಿವರಿಸಿದ. ಗಿರಣಿಯೊಳಗೆ ಯಂತ್ರದ ಸದ್ದಿಗೆ ಪಕ್ಕದವನ ಕೂಗೂ ಕೇಳುವುದಿಲ್ಲ. ಅಲ್ಲಿ ಎಲ್ಲರೂ ಬೆರಳಲ್ಲಿ, ಹುಬ್ಬಿನಲ್ಲಿ, ಕತ್ತಿನ ಓಲಾಟದಲ್ಲಿ ಮಾತಾಡುತ್ತಾರೆ. ನೂಲು ಕಡಿದರೂ ಹಾಗೇ ಹೇಳುವುದು, ಚಹಾ ಬಂದರೂ ಹಾಗೇ, ಮೇಲೆ ನಿಂತು ಕೆಲಸ ಮಾಡಿಸುವ ಮುಕಾದಮನನ್ನು ಬೈಯುವುದೂ ಹಾಗೇ.

"ನನ್ನನ್ನೂ ಬೈದೀರೇನು ಅದರಾಗ?"

"ಬೈದೀವ್ರಿ" ಎಂದ ನಾಯಕ, ನೆಲ ನೋಡುತ್ತ. "ಭಾಳ ಬೈದೀವ್ರಿ."

ಮ್ಯಾನೇಜರನಿಗೆ ನಗು ಬಂತು, ಆದರೆ ಗಂಟಲಿನಿಂದ ಸದ್ದು ಹೊರಡಲಿಲ್ಲ. ಬೇಡ ಎನ್ನಬಹುದಿತ್ತು. ಹಾಗೆನ್ನುವುದಕ್ಕೂ ತ್ರಾಣ ಉಳಿದಿರಲಿಲ್ಲ. "ಆಡ್ರಿ" ಎಂದ.

ಅಂದು ಅವನು ಮೊದಲ ಬಾರಿಗೆ ಬೆಂಚಿನ ಮೇಲೆ ಕೂತ. ಮೈದಾನದಲ್ಲಿ ಬೆರಳುಗಳು ಎದ್ದವು, ಹುಬ್ಬುಗಳು ಹಾರಿದವು. ಅವನಿಗೆ ಒಂದೂ ತಿಳಿಯಲಿಲ್ಲ. ಹಳೆಯ ಚಾಳಿಯಿಂದ ಎಡಕ್ಕೆ ಎನ್ನಲು ಬಾಯಿ ತೆರೆದ. ಮಾತು ತುಟಿಗೆ ಬರುವ ಮೊದಲೇ ಚೆಂಡು ಎಡಕ್ಕೆ ಹೋಗಿತ್ತು. ಹಿಂದಕ್ಕೆ ಎನ್ನಲು ಹೊರಟ. ಚೆಂಡು ಆಗಲೇ ಹಿಂದಕ್ಕೆ ಬಂದಿತ್ತು. ಇಪ್ಪತ್ತೆರಡು ವರ್ಷ ಕೂಗಿದ್ದೆಲ್ಲ ಅವರ ಕಾಲಿನಲ್ಲಿ ಕೂತುಬಿಟ್ಟಿತ್ತು. ಕೂಗುವವನು ಬೇಕಾಗಿರಲಿಲ್ಲ.

ತನ್ನ ಮನೆಯಲ್ಲೇ ತಾನು ನೆಂಟನಾದಂತೆ ಅನಿಸಿತು. ಆಮೇಲೆ ಸಂಕಟಪಡುವುದಕ್ಕೂ ಆಯಾಸವಾಗಿ ಬಾಯಿ ಮುಚ್ಚಿ ಬೆನ್ನು ಒರಗಿಸಿದ.

ಕೊನೆಗೊಂದು ಗೋಲು ಬಂತು. ಹಿಂದೆಲ್ಲ ಗೋಲಾದರೆ ಹನ್ನೊಂದು ಕತ್ತುಗಳೂ ಮೊದಲು ಅವನತ್ತ ತಿರುಗುತ್ತಿದ್ದವು, ಸರಿಯಾಯಿತೇ ಎಂದು ಕೇಳುವ ಹಾಗೆ. ಅಂದು ಒಂದು ಕತ್ತೂ ತಿರುಗಲಿಲ್ಲ. ಅವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕ್ಲಬ್ಬು ಉಳಿಯಿತು. ಪಂದ್ಯ ಮುಗಿದ ಸೀಟಿ ಊದಿದಾಗ ಮ್ಯಾನೇಜರ್ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದ.

ಉಸ್ತಾದರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಅಷ್ಟು ವರ್ಷ ಗಂಟಲು ಹರಿದುಕೊಂಡವನಿಗೆ ಆ ಕ್ಲಬ್ಬು ಕೊನೆಗೆ ಕೊಟ್ಟಿದ್ದಾದರೂ ಏನು? ಒಂದು ಹಾರ? ಒಂದು ಶಾಲು?"

"ಒಬ್ಬನೂ ಅವನತ್ತ ತಿರುಗಿ ನೋಡದ ತೊಂಬತ್ತು ನಿಮಿಷ" ಎಂದರು ಉಸ್ತಾದರು.