ರಾಣಿಯ ಗಂಟಲಲ್ಲಿ ಇಳಿಯದ ಅನ್ನ

"ಹೊಂಗುದ್ರು ದ್ವೀಪದ ಜನರೇ, ಕೇಳಿ! ರಾಣಿಯವರ ಮೂರು ಒಗಟು ಬಿಡಿಸಿದವರಿಗೆ ಅರಮನೆಯ ಅಡುಗೆಮನೆ, ಜೊತೆಗೆ ಬೇಡಿದ್ದೊಂದು ವರ. ತಪ್ಪಿದವರಿಗೆ ಹುಟ್ಟಿಲ್ಲದ ದೋಣಿ, ನಡುಗಡಲು!"

ಹೀಗೆ ಡಂಗುರ ಹೊಡೆಸಿದ ರಾಣಿ ಪದುಮಲೆ ಯಾರನ್ನೂ ನಂಬುತ್ತಿರಲಿಲ್ಲ. ಒಂದು ಮಧ್ಯಾಹ್ನ ಮೀನುಸಾರು ಉಂಡು ಮಲಗಿದ ಅವಳ ಗಂಡ ಅರಸ ಮತ್ತೆ ಏಳಲೇ ಇಲ್ಲ. ಅಡುಗೆಯ ಹೊನ್ನಿಯೇ ವಿಷವಿಕ್ಕಿದಳೆಂದು ರಾಣಿ ಅವಳನ್ನು ಸೆರೆಗೆ ಹಾಕಿಸಿದಳು. ಅಂದಿನಿಂದ ತನ್ನ ಕೈಯಾರೆ ಕೆತ್ತಿದ ಎಳನೀರು ಬಿಟ್ಟು ಬೇರೇನನ್ನೂ ಬಾಯಿಗಿಟ್ಟಿರಲಿಲ್ಲ.

ಪರವೂರಿನ ಬಾಣಸಿಗರು ಬಂದರು. "ಕೂತವರನ್ನು ಹೊರುತ್ತದೆ, ದಿನವೂ ಕಚ್ಚುತ್ತದೆ, ಒಂದು ಚೂರೂ ನುಂಗುವುದಿಲ್ಲ. ಏನದು?" ಎಂದು ರಾಣಿ ಕೇಳಿದಾಗ ಒಬ್ಬ, "ಮುದಿ ಕುದುರೆ" ಎಂದ. ಅವನ ದೋಣಿ ನಡುಗಡಲಿಗೆ ಹೋಯಿತು. ಇನ್ನೊಬ್ಬ ಅದನ್ನು ಬಿಡಿಸಿದ. ಆದರೆ, "ಮರದಲ್ಲಿ ಕೆಂಪು, ಬಿಸಿಲಲ್ಲಿ ಕಪ್ಪು, ನೀರಿಗೆ ಬಿದ್ದರೆ ನೀರೇ ಕೆಂಪು" ಎಂಬುದಕ್ಕೆ "ಕೆಂಡ" ಎಂದುಬಿಟ್ಟ. ಅವನ ದೋಣಿಯೂ ಹೋಯಿತು.

ಆಮೇಲೆ ಬಂದವನು ಚಿಪ್ಪುಮೀನು ಆಯುವ ದುಗ್ಗ.

"ಮೊದಲನೆಯದು ಕಾಯಿ ತುರಿಯುವ ಹೆರೆಮಣೆ. ಎರಡನೆಯದು ಸಾರಿನ ಹುಳಿಗೆ ಹಾಕುವ ಒಣ ಮುರುಗಲು ಸಿಪ್ಪೆ."

ರಾಣಿಗೆ ಅನುಮಾನ ಹುಟ್ಟಿತು. "ಯಾರು ಹೇಳಿಕೊಟ್ಟರು? ಯಾರ ಮಗ ನೀನು?"

"ಹೊನ್ನಿಯ ಮಗ, ಒಡತಿ."

ಕಾವಲುಗಾರರು ಕತ್ತಿಗೆ ಕೈಹಾಕಿದರು. ರಾಣಿ ತಡೆದಳು. ಮೂರನೆಯ ಒಗಟಿನ ಉತ್ತರ ಅವಳಿಗೂ ತಿಳಿದಿರಲಿಲ್ಲ.

"ಹಸಿದವರ ಮುಂದೆ ಬಿಸಿ ಅನ್ನವಿದೆ. ಏನಿಲ್ಲದಿದ್ದರೆ ಅದು ಗಂಟಲಲ್ಲಿ ಇಳಿಯುವುದಿಲ್ಲ?"

ದುಗ್ಗ ಅವಳ ಬತ್ತಿದ ಮುಖವನ್ನೇ ನೋಡಿದ. "ನಂಬಿಕೆ, ಒಡತಿ. ಬಡಿಸಿದ ಕೈಯ ಮೇಲೆ ನಂಬಿಕೆ. ಅರಸರು ಉಂಡುಳಿದ ಸಾರನ್ನು ಅವತ್ತು ನಾನೂ ಅವ್ವನೂ ಮಡಕೆ ಬಳಿದು ಉಂಡೆವು. ನಮಗೇನೂ ಆಗಲಿಲ್ಲ. ನೀವು ಕೇಳಲೇ ಇಲ್ಲ."

ಮೆಟ್ಟಿಲು ಹತ್ತುವಾಗೆಲ್ಲ ಅರಸ ಎದೆ ಹಿಡಿದುಕೊಂಡು ನಿಲ್ಲುತ್ತಿದ್ದುದು ರಾಣಿಯ ಕಣ್ಣಿಗೆ ಕಟ್ಟಿತು.

"ಏನು ಬೇಕು, ಕೇಳು."

"ಅವ್ವ ಬೇಕು."

ಹೋದ ದೋಣಿಗಳನ್ನು ಹುಡುಕಿ ತರಲು ಅಂಬಿಗರು ಹೊರಟರು. ಸೆರೆಯಿಂದ ಬಂದ ಹೊನ್ನಿ ಅಡುಗೆಮನೆಗೆ ಹೋಗಿ, ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಚಿಪ್ಪುಮೀನಿನ ಸಾರು ಮಾಡಿದಳು. ಅದನ್ನು ಅನ್ನದೊಡನೆ ರಾಣಿಯ ಮುಂದಿಟ್ಟು, ವಿಷವಿಲ್ಲವೆಂದು ತೋರಿಸಲು ಮೊದಲ ತುತ್ತನ್ನು ತನ್ನ ಬಾಯಿಗೇ ಒಯ್ದಳು.

ರಾಣಿ ಅವಳ ಕೈ ಹಿಡಿದಳು.

"ಬೇಡ ಹೊನ್ನೀ. ನನಗೆ ಬಡಿಸು."